ನಾಲ್ಕು ಹಲ್ಲಿನದು

ಗಡಿಯಾರ ರಿಪೇರಿಯವರು ಹಾರೆಯನ್ನು ಎರಡೇ ಬೆರಳಲ್ಲಿ ಎತ್ತಲು ನೋಡಿದರು. ಅದು ಅಲುಗಲಿಲ್ಲ. ಇನ್ನೊಂದು ಬೆರಳು ಸೇರಿಸಿದರು. ಆಗಲೂ ಅಲುಗಲಿಲ್ಲ. ಕಬ್ಬಿಣದಂಗಡಿಯಾಕೆ ಗಲ್ಲದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ನನ್ನ ತಂಗಿ ಬಾಯಿಗೆ ಅಂಗೈ ಒತ್ತಿಕೊಂಡಿದ್ದಳು. ಬಾಯಲ್ಲಿ ತಡೆದ ನಗು ಭುಜದಲ್ಲಿ ಕುಣಿಯುತ್ತಿತ್ತು.

"ರೀ, ಅದು ಗಡಿಯಾರದ ಮುಳ್ಳಲ್ಲ. ಇಡೀ ಕೈ ಹಾಕಿ. ಬೇಕಾದ್ರೆ ಇನ್ನೊಂದು ಕೈನೂ ಹಾಕಿ, ಯಾರೂ ಬೈಯಲ್ಲ" ಎಂದಳು ಅಂಗಡಿಯಾಕೆ.

"ತೂಕ ನೋಡ್ತಿದ್ದೆ ಅಷ್ಟೆ" ಎಂದರು ಅವರು, ಕಿವಿಯವರೆಗೂ ಕೆಂಪಾಗಿ.

ನಾನು ಮೊಳೆ ತುಂಬಿದ ಡಬ್ಬಿಯೊಂದನ್ನು ಪಕ್ಕಕ್ಕೆ ಸರಿಸಿ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಇದು ಬೇಗ ಮುಗಿಯುವ ಬಾಬತ್ತಲ್ಲ ಎಂದು ಗೊತ್ತಾಗಿತ್ತು.

ನಾವು ಅಂಗಡಿಗೆ ಬರುವಂತಾದದ್ದು ಒಂದು ನಿಂಬೆ ಗಿಡದಿಂದ. ತಂಗಿ ಟೈಲರು. ಪರದೆ, ದಿಂಬಿನ ಚೀಲ, ಶಾಲೆಯ ಮಕ್ಕಳ ಅಂಗಿ, ಏನು ಕೊಟ್ಟರೂ ಹೊಲಿಯುತ್ತಾಳೆ. ನಾನು ಅವಳ ಪಕ್ಕದಲ್ಲಿ ಕೂತು ಕಾಜ ಮಾಡುವವಳು. ಹೊಲಿಗೆ ಕೋಣೆಯ ಹಿಂದೆ ಅಂಗೈಯಗಲದ ಜಾಗವಿತ್ತು. ಅಲ್ಲಿ ಅವಳು ಬೀಜ ಊರಿ ಬೆಳೆಸಿದ ನಿಂಬೆ ಗಿಡ ಈಗ ಅವಳ ಭುಜ ಮುಟ್ಟುತ್ತಿತ್ತು. ಮೆಷಿನ್ ಕೈಕೊಟ್ಟರೆ ಹೋಗಿ ಅದರ ಎದುರು ಬೈಯುವುದು, ಗಿರಾಕಿ ಜಗಳ ತೆಗೆದರೆ ಅದರ ಎದುರು ಅಳುವುದು, ಹೀಗೆ ನಡೆದಿತ್ತು. ಈಗ ಕೋಣೆಯ ಮಾಲೀಕ ಆ ಜಾಗದಲ್ಲಿ ಉಗ್ರಾಣ ಕಟ್ಟಿಸುತ್ತೇನೆ, ನಾಡಿದ್ದು ಇಟ್ಟಿಗೆ ಬರುತ್ತದೆ, ಗಿಡ ತೆಗೆಯಿರಿ ಎಂದಿದ್ದ.

ಅದೇ ವಾರ ಗಡಿಯಾರ ರಿಪೇರಿಯವರು ತಂಗಿಯನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದರು. ಇಬ್ಬರಿಗೂ ಅರ್ಧ ತಲೆ ಬೆಳ್ಳಗಾಗಿದೆ. ಅವರು ನಮ್ಮ ಗೋಡೆ ಗಡಿಯಾರ ಸರಿಮಾಡಿಕೊಟ್ಟ ಮೇಲೂ ಅದಕ್ಕೆ ಕೀಲಿ ಕೊಡಲು ವಾರವಾರ ತಾವೇ ಬರುತ್ತಿದ್ದರು. ಅಷ್ಟೂ ಕಾಲ ಆ ಗಡಿಯಾರಕ್ಕೆ ಕೀಲಿ ಕೊಡುವುದು ಅಷ್ಟೊಂದು ಕಷ್ಟದ ಕೆಲಸವೆಂದು ನಾನೂ ನಂಬಿದ್ದೆ.

ತಂಗಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ನಿಮ್ಮನೆ ಹಿತ್ತಲಲ್ಲಿ ನನ್ನ ಗಿಡಕ್ಕೆ ಗುಂಡಿ ತೋಡಿ" ಎಂದಳು. "ನೀವೇ ತೋಡ್ಬೇಕು. ಕೂಲಿಯವರನ್ನ ಕರೆಸಿದ್ರೆ ಗಿಡನೂ ಇಲ್ಲ, ನಾನೂ ಇಲ್ಲ. ಗಿಡ ಅಲ್ಲಿ ನಿಂತ್ರೆ ನಾನೂ ಬರ್ತೀನಿ. ನಿಲ್ಲದಿದ್ರೆ ಗಡಿಯಾರಕ್ಕೆ ಅಕ್ಕನೇ ಕೀಲಿ ಕೊಡ್ತಾಳೆ."

ಹಿಡಿದ ಹಠ ಬಿಡುವವಳಲ್ಲ. ಒಮ್ಮೆ ಗಿರಾಕಿಯೊಬ್ಬರಿಗೆ ಇನ್ನು ನಿಮ್ಮ ಬಟ್ಟೆ ಮುಟ್ಟಲ್ಲ ಎಂದು ಬಾಯ್ತಪ್ಪಿ ಅಂದವಳು, ಅವರು ಕ್ಷಮೆ ಕೇಳಿದ ಮೇಲೂ ಮುಟ್ಟಲಿಲ್ಲ. ಆ ಬಟ್ಟೆಯನ್ನು ಕೊನೆಗೆ ನಾನೇ ಹೇಗೋ ಹೊಲಿದುಕೊಡಬೇಕಾಯಿತು.

ಅಂಗಡಿಯಲ್ಲಿ ಗಡಿಯಾರದವರು ಒಂದೊಂದು ಸಾಮಾನನ್ನೂ ಬೆಳಕಿಗೆ ಹಿಡಿದು ನೋಡಿದರು. ಸಲಿಕೆಯ ಅಂಚನ್ನು ಉಗುರಿನಿಂದ ತಟ್ಟಿ ಕಿವಿಗಿಟ್ಟುಕೊಂಡರು. ಗುದ್ದಲಿಯ ಕಾವು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು.

"ಮಣ್ಣು ಎಂಥದ್ದು?" ಎಂದು ಅಂಗಡಿಯಾಕೆ ಕೇಳಿದಳು.

"ಜೇಡಿಮಣ್ಣು. ಒಣಗಿ ಕಲ್ಲಾಗಿದೆ."

"ಹಾಗಾದ್ರೆ ಹಾರೆ, ಗುದ್ದಲಿ, ಸಲಿಕೆ, ಮೂರೂ ತಗೊಂಡುಬಿಡಿ. ಯಾವುದು ಕೆಲಸ ಮಾಡುತ್ತೆ ಅಂತ ನನಗೂ ಆಮೇಲೆ ಹೇಳಿ."

ಅಷ್ಟರಲ್ಲಿ ಅವರ ಕಣ್ಣು ಮೂಲೆಯಲ್ಲಿ ಒರಗಿಸಿದ್ದ ಇನ್ನೊಂದರ ಮೇಲೆ ಬಿತ್ತು. ಸಲಿಕೆಯಷ್ಟೇ ಉದ್ದದ ಹಿಡಿ, ತುದಿಯಲ್ಲಿ ಅಗಲವಾದ ತಗಡಿನ ಬದಲು ನಾಲ್ಕು ದಪ್ಪ ಹಲ್ಲು. ಅದನ್ನು ಕೈಗೆತ್ತಿಕೊಂಡವರ ಮುಖ ಅರಳಿತು. ಹಲ್ಲುಗಳ ನಡುವೆ ಬೆರಳಾಡಿಸಿ, "ಇದು ಚೆನ್ನಾಗಿದೆ. ಬಲ ನಾಲ್ಕು ಕಡೆ ಹಂಚಿಹೋಗುತ್ತೆ" ಎಂದರು.

ತಂಗಿಯ ಕೈ ಬಾಯಿಂದ ಜಾರಿತು. "ಅಯ್ಯೋ! ಇದರಲ್ಲಿ ಅಗೀತೀರೋ, ಊಟ ಮಾಡ್ತೀರೋ? ಜೊತೆಗೊಂದು ದೊಡ್ಡ ತಟ್ಟೆನೂ ಕೊಡಿ ಅಮ್ಮ, ಹಿತ್ತಲನ್ನೇ ಬಡಿಸಿಕೊಳ್ಳಲಿ!"

ಅಂಗಡಿಯಾಕೆ ನಕ್ಕಳು. ಸಿಮೆಂಟು ಕೇಳಲು ಬಂದವನೂ ನಕ್ಕ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಗಡಿಯಾರದವರು ನಾಲ್ಕು ಹಲ್ಲಿನದನ್ನು ಸದ್ದಾಗದಂತೆ ಮೂಲೆಗೆ ಒರಗಿಸಿ, ಉಳಿದ ಮೂರನ್ನು ತೆಗೆದುಕೊಂಡರು.

ಸಂಜೆಗೆ ಮುಂಚೆ ಅವರ ಹಿತ್ತಲಲ್ಲಿ ಮೊದಲ ಏಟು ಬಿತ್ತು. ಮೆಟ್ಟಿಲ ಮೇಲೆ ಅವರ ತಾಯಿ ಕೂತಿದ್ದರು. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ಕಿವಿ ಮಂದ, ಕಣ್ಣು ಮಾತ್ರ ಹದ್ದಿನದು. ಹಾರೆ ಠಣ್ಣೆಂದು ನೆಲಕ್ಕೆ ಬಡಿದು, ನೆಲಕ್ಕೆ ಏನೂ ಮಾಡದೆ, ಗಡಿಯಾರದವರನ್ನೇ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿತು. ಮತ್ತೆ ಎತ್ತಿ ಹಾಕಿದರು. ಬಿಸ್ಕತ್ತಿನಷ್ಟು ದೊಡ್ಡ ಚಕ್ಕೆ ಎದ್ದಿತು. ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಗುದ್ದಲಿ ಹಾಕಿದರೆ ಕಾವೇ ಕಳಚಿ ಕೈಗೆ ಬಂತು.

"ಮಗಾ, ನೆಲ ಒಡೀತಿದೆಯೋ, ನೀನೋ?" ಎಂದು ದೊಡ್ಡಮ್ಮ ಊರಿಗೆಲ್ಲ ಕೇಳುವಂತೆ ಕೇಳಿದರು.

ನಾನು ತಂಗಿಯ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಕೈಬೆರಳಿಗೆ ದಾರ ಸುತ್ತಿ ಬಿಚ್ಚುತ್ತಿದ್ದಳು.

ಗಡಿಯಾರದವರು ಹಾರೆಯನ್ನು ಮೆಲ್ಲಗೆ ಮಲಗಿಸಿದರು. "ಸಿಕ್ಕಿಕೊಂಡ ಸ್ಕ್ರೂ ಮೇಲೆ ಬಲ ಹಾಕಬಾರದು. ಒಂದು ತೊಟ್ಟು ಎಣ್ಣೆ ಬಿಟ್ಟು ಸುಮ್ಮನಿರಬೇಕು. ತಾನೇ ಮನಸ್ಸು ಮಾಡುತ್ತೆ" ಎಂದರು. ಹೇಳುವಾಗ ಅವರು ನೆಲವನ್ನೇ ನೋಡುತ್ತಿದ್ದರು, ಆದರೆ ತಂಗಿ ಯಾಕೋ ಮುಖ ಆ ಕಡೆ ತಿರುಗಿಸಿದಳು. ಆಮೇಲೆ ಅವರು ಹೂವಿಗೆ ನೀರು ಹಾಕುವ ಪಾತ್ರೆ ತಂದು, ಗುಂಡಿ ಬರಬೇಕಾದ ಜಾಗಕ್ಕೆ ಸುತ್ತಲಿಂದ ಒಳಕ್ಕೆ, ಒಳಗಿಂದ ಸುತ್ತಲಿಗೆ, ಸಮವಾಗಿ ಚಿಮುಕಿಸಿದರು. ಒಂದು ಪಾತ್ರೆ ಮುಗಿದ ಮೇಲೆ ಸಾಕೆಂದರು. "ನಾಳೆ ಬೆಳಿಗ್ಗೆಗೆ ಹದವಾಗಿರುತ್ತೆ. ಅಷ್ಟರವರೆಗೆ ಯಾರೂ ಮುಟ್ಟಬಾರದು."

ಬೆಳಿಗ್ಗೆ ನಾನು ಎದ್ದಾಗ ತಂಗಿಯ ಚಪ್ಪಲಿಗಳು ತೊಳೆಸಿಕೊಂಡು ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತಿದ್ದವು. ಮಳೆ ಬಂದಿರಲಿಲ್ಲ. ಅವಳು ಒಲೆ ಮುಂದೆ ನಿಂತು ಏನೋ ಗುನುಗುತ್ತಿದ್ದಳು. ಏನೇ ಇದು, ಎಂದೆ. "ಕೊಳೆಯಾಗಿತ್ತು" ಎಂದಳು. ಕೊಳೆಯಾದದ್ದನ್ನು ಕೊಳೆಯ ಕೆಲಸಕ್ಕೆ ಮುಂಚೆ ತೊಳೆಯುವವಳು ಇವಳೊಬ್ಬಳೇ ಎಂದುಕೊಂಡೆ.

ಗಿಡ ಎಬ್ಬಿಸುವುದು ಹೂವೆತ್ತಿದಷ್ಟು ಸಲೀಸಾಯಿತು. ನಮ್ಮ ಕೋಣೆಯ ಹಿಂದಿನ ಮಣ್ಣು ಅವಲಕ್ಕಿಯಂತೆ ಉದುರುಉದುರು. ಕಳೆ ಕೀಳುವ ಸಣ್ಣ ಸಲಕರಣೆ, ಒಂದು ಹಳೆಯ ಸೌಟು, ಇಷ್ಟರಲ್ಲೇ ಬೇರಿನ ಉಂಡೆ ಮೇಲೆ ಬಂತು. ಒದ್ದೆ ಗೋಣಿಚೀಲ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ, ಹೊತ್ತು ಏರುವಷ್ಟರಲ್ಲಿ ಗಡಿಯಾರದವರ ಮನೆ ತಲುಪಿದೆವು. ದಾರಿಯುದ್ದಕ್ಕೂ ತಂಗಿ ಎಲೆಗಳ ಮೇಲೆ ಕೊಡೆ ಹಿಡಿದು ನಡೆದಳು. ತಾನು ಬಿಸಿಲಲ್ಲೇ ಇದ್ದಳು.

ಹಿತ್ತಲ ಬಾಗಿಲು ತೆಗೆದರೆ ಗುಂಡಿಯ ಜಾಗದಲ್ಲಿ ಕೆರೆ. ಒಂದು ಕಾಗೆ ಅದರಲ್ಲಿ ರೆಕ್ಕೆ ಬಡಿದು ಸ್ನಾನ ಮಾಡುತ್ತಿತ್ತು.

ಗಡಿಯಾರದವರು ದಡದಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದರು. "ನಾನು ಹಾಕಿದ್ದು ಒಂದೇ ಪಾತ್ರೆ" ಎಂದರು, ಯಾರೋ ತಮ್ಮ ಮೇಲೆ ಕಳ್ಳತನ ಹೊರಿಸಿದಂತೆ. "ನೀವೇ ನೋಡಿದ್ರಲ್ಲ ಅಕ್ಕ. ಒಂದೇ!"

"ನಲ್ಲಿ ಸೋರಿರಬೇಕು" ಎಂದಳು ತಂಗಿ ಬಹಳ ಬೇಗ.

ಗಿಡ ಆಗಲೇ ನೆಲ ಬಿಟ್ಟಿತ್ತು. ವಾಪಸ್ಸು ಹಾಕೋಣವೆಂದರೆ ಅಲ್ಲಿ ಇಟ್ಟಿಗೆ ಬರುತ್ತದೆ. ಎಲೆಗಳ ತುದಿಗಳು ಮೆಲ್ಲಗೆ ಒಳಕ್ಕೆ ಸುರುಳಿಕೊಳ್ಳುತ್ತಿದ್ದವು. ಗಡಿಯಾರದವರು ಪ್ಯಾಂಟನ್ನು ಮೊಣಕಾಲಿಗೇರಿಸಿ, ಸಲಿಕೆ ಹಿಡಿದು ಒಳಗಿಳಿದರು. ಸಲಿಕೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ನಮಗೆಲ್ಲ ಖುಷಿಯೋ ಖುಷಿ. ಎತ್ತಲು ಹೋದರೆ ಬರಲಿಲ್ಲ. ಜಗ್ಗಿದರು. ಹಿತ್ತಲು ಪ್ಚ್ ಎಂದು ಮುದ್ದಿಟ್ಟ ಸದ್ದು ಮಾಡಿ ಸಲಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು.

"ಕೈ ಕೊಡಿ" ಎಂದು ತಂಗಿ ಇಳಿದಳು. ಇಬ್ಬರೂ ಸೇರಿ ಎಳೆದರು. ಸಲಿಕೆ ಬಂತು, ಒಮ್ಮೆಗೇ ಬಂತು. ಇಬ್ಬರೂ ಹಿಂದಕ್ಕೆ ಬಿದ್ದು, ಕೆಸರಲ್ಲಿ ಪಕ್ಕಪಕ್ಕದಲ್ಲಿ, ಬಸ್ಸಿನ ಸೀಟಿನಲ್ಲಿ ಕೂತವರ ಹಾಗೆ ಕೂತರು. ಸಲಿಕೆಯ ತಗಡಿಗೆ ಕುಂಬಳಕಾಯಿಯಷ್ಟು ಜೇಡಿಮಣ್ಣು ಕಚ್ಚಿಕೊಂಡಿತ್ತು. ಕೊಡವಿದರೆ ಬೀಳಲಿಲ್ಲ. ಬಡಿದರೆ ಬೀಳಲಿಲ್ಲ. ನಾನು ಅಡುಗೆಮನೆಯ ಚಾಕು ತಂದು ಕೆರೆದು ಕೆಡವಿದೆ. ಇನ್ನೊಂದು ಸಲಿಕೆ ಮಣ್ಣು, ಮತ್ತೆ ಚಾಕು. ಕಾವು ಮತ್ತೆ ಸಿಕ್ಕಿಸಿದ್ದ ಗುದ್ದಲಿಯ ಗತಿಯೂ ಅದೇ. ಹಾರೆಯನ್ನು ಯಾರೋ ಒಂದು ಕ್ಷಣ ನಿಲ್ಲಿಸಿದ್ದರು, ನೋಡನೋಡುತ್ತ ಅದು ಗೇಣುದ್ದ ಮುಳುಗಿತು. ತಂಗಿಯ ಎಡಗಾಲು ಮೇಲೆ ಬಂದಾಗ ಚಪ್ಪಲಿ ಅದರಲ್ಲಿರಲಿಲ್ಲ.

"ನನ್ನ ಚಪ್ಪಲಿ!"

"ತೊಳೆದದ್ದು ದಂಡ" ಎಂದೆ.

ಆಗ ಮೆಟ್ಟಿಲ ಮೇಲಿಂದ ದೊಡ್ಡಮ್ಮ ಕೂಗಿದರು. "ನನ್ನನ್ನ ಯಾಕೆ ನೋಡ್ತೀರಿ ಎಲ್ಲರೂ? ನಾನು ಹಾಕಿದ್ದು ನನ್ನ ಸ್ನಾನದ ನೀರು ಅಷ್ಟೆ!"

ನಾವು ಯಾರೂ ಅವರನ್ನು ನೋಡಿರಲಿಲ್ಲ.

"ಅಮ್ಮಾ!" ಎಂದರು ಗಡಿಯಾರದವರು. "ಯಾರೂ ಮುಟ್ಟಬಾರದು ಅಂದಿದ್ದೆ!"

"ಮುಟ್ಟಿಲ್ಲ ಕಣೋ, ಸುರಿದೆ. ನೀನು ಒಂದು ಬಿಸ್ಕತ್ತು ಅಗೆದದ್ದು ನೋಡಿ ಹೊಟ್ಟೆ ಉರೀತು. ಈ ಹುಡುಗಿ ಕೈತಪ್ಪಿ ಹೋದ್ರೆ ಇನ್ಯಾರು ಸಿಗ್ತಾರೆ ನಿನಗೆ?" ಆಮೇಲೆ ಅವರು ಊರುಗೋಲನ್ನು ಎತ್ತಿ ಕೆಸರಿನ ಮಧ್ಯಕ್ಕೆ ಗುರಿಯಿಟ್ಟರು. "ನನ್ನದು ಒಂದು ಬಕೆಟ್ಟು. ಬೆಳಕು ಹರಿಯೋ ಮುಂಚೆ ಹಿಂದಿನ ಗೋಡೆ ಹತ್ತಿ ಇಳಿದು, ನಮ್ಮ ನಲ್ಲೀಲಿ, ನಮ್ಮ ಬಕೆಟ್ಟಲ್ಲೇ ಹಿಡಿದು ಹಿಡಿದು ಸುರಿದವಳನ್ನ ಕೇಳು! ಕಳ್ಳಿ ಅಂತ ಕೂಗಬೇಕು ಅಂತಿದ್ದೆ. ಕದಿಯೋ ಬದಲು ಸುರೀತಿದ್ದಾಳೆ ಅಂತ ಸುಮ್ಮನಾದೆ."

ಗಡಿಯಾರದವರು ನಿಧಾನವಾಗಿ ತಂಗಿಯ ಕಡೆ ತಿರುಗಿದರು. ಅವಳು ಮೂಗಿನ ತುದಿಯವರೆಗೂ ಕೆಸರಾಗಿದ್ದಳು, ಕೆಸರಿಲ್ಲದ ಕಡೆಯೆಲ್ಲ ಕೆಂಪಾಗಿದ್ದಳು.

"ನೀವಾ?"

"ಗಿಡಕ್ಕೋಸ್ಕರ" ಎಂದಳು.

"ಗಿಡ ಆಗ ನಿಮ್ಮನೇಲಿತ್ತಲ್ಲ."

"ಮತ್ತೇನ್ರೀ ಮಾಡೋದು?" ಎಂದು ಒಮ್ಮೆಗೇ ಎಗರಿದಳು. "ನೀವು ಎರಡು ದಿನಕ್ಕೊಂದು ಬಿಸ್ಕತ್ತು ಅಗೆಯೋ ಗತಿ ನೋಡಿದ್ರೆ ಈ ಜನ್ಮದಲ್ಲಿ ಗುಂಡಿ ಆಗುತ್ತಾ? ಆಡಿದ ಮಾತು ಹಿಂದಕ್ಕೆ ತಗೊಳ್ಳೋಕೆ ನನಗೆ ಬರಲ್ಲ! ಅದಕ್ಕೇ... ಸ್ವಲ್ಪ ನೀರು ಹಾಕಿದೆ."

"ಸ್ವಲ್ಪ!" ಎಂದೆ ನಾನು.

ಗಡಿಯಾರದವರಿಗೆ ನಗು ಶುರುವಾಯಿತು. ಅವರು ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೊದಲು ಕೀಲಿ ತಿರುಗಿದಂತೆ ಕಿರ್ ಕಿರ್ ಎಂದಿತು, ಆಮೇಲೆ ಅಲಾರಂ ಹೊಡೆದುಕೊಂಡಿತು. ಅವರು ನಕ್ಕರೆಂದು ತಂಗಿ ನಕ್ಕಳು. ಯಾಕೆ ನಗುತ್ತಿದ್ದಾರೆಂದು ಕೇಳಿಸದೆಯೇ ದೊಡ್ಡಮ್ಮ ನಕ್ಕರು. ನಾನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದೆ. ತಳ್ಳುಗಾಡಿಯಲ್ಲಿ ಗಿಡದ ಎಲೆಯೊಂದು ಕಳಚಿ ಬಿದ್ದಾಗಲೇ ನಮ್ಮ ನಗು ನಿಂತದ್ದು.

"ಅಕ್ಕ, ಬಾಡ್ತಿದೆ!" ಎಂದಳು ತಂಗಿ. ಅವಳ ದನಿ ಬದಲಾಗಿತ್ತು.

ಬಕೆಟ್ಟು, ಚೊಂಬು, ದೊಡ್ಡಮ್ಮನ ಹಾಲಿನ ಪಾತ್ರೆ, ಸಿಕ್ಕಿದ್ದರಲ್ಲಿ ಕೆಸರು ಮೊಗೆದು ಗೋಡೆಯ ಬುಡಕ್ಕೆ ಚೆಲ್ಲಿದೆವು. ಕೆಸರು ಮುಗಿದ ಮೇಲೆ ಕೆಳಗೆ ಗಟ್ಟಿಯಾದರೂ ಹದಕ್ಕೆ ಬಂದ ಮಣ್ಣು ಸಿಕ್ಕಿತು. ಅಷ್ಟೆಲ್ಲ ನೀರು ಮೇಲೇ ನಿಂತಿತ್ತು. ಕೆಳಗೆ ಇಳಿದದ್ದು ಗಡಿಯಾರದವರ ಒಂದು ಪಾತ್ರೆಯಷ್ಟು ಮಾತ್ರ. ಸಲಿಕೆ ಈಗ ಹಾಯಿತು. ಏದುಸಿರು ಬಿಡುತ್ತ ಅವರು ಮೊಣಕಾಲಾಳ ಅಗೆದರು. ಗುಂಡಿಯ ಬದಿ ಕತ್ತರಿಸಿಟ್ಟ ಹಾಗೆ ನುಣುಪಾಗಿ, ಹೊಳೆಯುತ್ತ, ನೋಡಲು ಬಲು ಚೆಂದವಾಗಿ ಬಂತು. ತಂಗಿ ಗಿಡದ ಗೋಣಿಚೀಲ ಬಿಚ್ಚತೊಡಗಿದಳು.

"ತಾಳಿ" ಎಂದರು ಅವರು.

ಜೇಬಿನಿಂದ, ತಲೆಗೆ ಪಟ್ಟಿ ಹಾಕಿ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತೆಗೆದರು. ಅದನ್ನು ಬಲಗಣ್ಣಿಗೆ ಒತ್ತಿ, ಕೆಸರಿನ ಮೇಲೆ ಬೋರಲಾಗಿ ಮಲಗಿ, ತಲೆಯನ್ನು ಗುಂಡಿಯೊಳಗೆ ಇಳಿಬಿಟ್ಟರು. ಎರಡು ಕಾಲು ಮಾತ್ರ ನಮಗೆ ಕಾಣುತ್ತಿದ್ದವು.

"ಏನು ಕಳೆದುಕೊಂಡ?" ಎಂದರು ದೊಡ್ಡಮ್ಮ.

"ಸಲಿಕೆ ಇದನ್ನ ಪಾಲಿಶ್ ಮಾಡಿಬಿಟ್ಟಿದೆ" ಎಂದು ಗುಂಡಿಯೊಳಗಿಂದ ದನಿ ಬಂತು. "ಒಂದು ಬಿರುಕಿಲ್ಲ, ಒಂದು ತೂತಿಲ್ಲ. ನೀರು ಹೊಯ್ಯಿರಿ ನೋಡೋಣ."

ನಾನು ಒಂದು ಚೊಂಬು ನೀರು ಹೊಯ್ದೆ. ಅವರು ಎದ್ದು ಕೂತು ಕೈಗಡಿಯಾರ ನೋಡಿದರು. ನಾವು ಗುಂಡಿಯ ಸುತ್ತ ಬಗ್ಗಿ ನಿಂತೆವು. ನೀರಲ್ಲಿ ನಮ್ಮ ಮುಖಗಳು ಕಾಣುತ್ತಿದ್ದವು, ಅವು ಹಾಗೇ ಕಾಣುತ್ತಲೇ ಇದ್ದವು.

"ಇಳೀತಿಲ್ಲ" ಎಂದರು. "ಇದು ಗುಂಡಿಯಲ್ಲ, ಗಡಿಗೆ. ಇದರಲ್ಲಿ ಗಿಡ ಇಟ್ರೆ ಬೇರಿಗೆ ಹೊರಗೆ ಹೋಗೋಕೆ ದಾರಿ ಇಲ್ಲ. ನೀರಲ್ಲೇ ಕೊಳೆಯುತ್ತೆ. ಗುಂಡಿ ತೋಡಿದೆ ಅಂತ ನಿಮಗೆ ತೋರಿಸಬಹುದು. ಆದರೆ ಗಿಡ ನಿಲ್ಲಲ್ಲ."

ಅದನ್ನು ಮುಚ್ಚಿಟ್ಟು ಆ ಹೊತ್ತಿಗೆ ಗೆದ್ದುಬಿಡಬಹುದಿತ್ತು. ಅವರಿಗೆ ಅದು ಹೊಳೆದಂತೆಯೂ ಕಾಣಲಿಲ್ಲ. ತಂಗಿ ಅವರನ್ನೇ ನೋಡುತ್ತಿದ್ದಳು.

"ಮತ್ತೇನು ಬೇಕು?" ಎಂದಳು.

"ಮಣ್ಣನ್ನ ಕೊಯ್ಯಬಾರದು, ಸಿಗಿದು ಎಬ್ಬಿಸಬೇಕು. ಬದಿಯೆಲ್ಲ ಒರಟೊರಟಾಗಿ ಉಳೀಬೇಕು. ಮಣ್ಣು ಕಚ್ಚಿಕೊಳ್ಳೋಕೆ ತಗಡೇ ಇರಬಾರದು..." ಇಷ್ಟು ಹೇಳಿ ಅವರು ನಾಲಿಗೆ ಕಚ್ಚಿಕೊಂಡರು. ಆಮೇಲೆ ಮುಂದಿನದನ್ನು ಕೆಸರಿಗೆ ಹೇಳುವಂತೆ ತಲೆ ತಗ್ಗಿಸಿ ಹೇಳಿದರು. "ಆ ಊಟದ್ದು ಇತ್ತಲ್ಲ..."

ತಂಗಿ ಪೂರ್ತಿ ಕೇಳಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಜಡೆಯಿಂದ ಕೆಸರು ತೊಟ್ಟಿಕ್ಕುತ್ತ, ಬೀದಿಗೆ ಹಾರಿದಳು. ಬಾಗಿಲಿಗೆ ಬಂದು ನೋಡಿದೆ. ಬೇಕರಿಯವನು ಅಂಗಡಿಯಿಂದ ಹೊರಗೆ ಬಂದು ನಿಂತ. ಬಸ್ಸಿಗೆ ಕಾದಿದ್ದವರು ಬಸ್ಸು ಬಿಟ್ಟು ಅವಳನ್ನು ನೋಡಿದರು. ಯಾರೋ ಏನಾಯ್ತು ಟೈಲರಮ್ಮ ಎಂದು ಕೂಗಿದರೆ, "ಇನ್ನೂ ಆಗಿಲ್ಲ, ಆಗ್ತಿದೆ!" ಎಂದು ಓಡುತ್ತಲೇ ಕೂಗಿದಳು.

ತಿರುಗಿ ಬಂದಾಗ ನಾಲ್ಕು ಹಲ್ಲಿನದು ಅವಳ ಹೆಗಲ ಮೇಲಿತ್ತು. ಏದುಸಿರಲ್ಲೇ ಹೇಳಿದಳು, "ತಟ್ಟೆ ಬೇಡ್ವಾ ಅಂತ ಕೇಳಿದ್ಳು ಆ ಅಂಗಡಿಯಾಕೆ. ನಿನ್ನೆ ಆಡಿದ್ದು ತಪ್ಪು, ವಾಪಸ್ಸು ತಗೊಂಡಿದೀನಿ ಅಂದೆ."

ನಾನು ಕಿವಿ ಉಜ್ಜಿಕೊಂಡೆ. ಇವಳು ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವುದೆಂದರೇನು! ಆ ಗಿರಾಕಿಗೆ ಗೊತ್ತಾದರೆ ಬಟ್ಟೆಯ ಗಂಟು ಹೊತ್ತುಕೊಂಡು ಬಂದಾರು.

ಗಡಿಯಾರದವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಗುಂಡಿಯ ಬದಿಗೆ ಊರಿ, ಮೇಲೆ ಒಂದು ಕಾಲಿಟ್ಟು ಭಾರ ಬಿಟ್ಟರು. ನಾಲ್ಕೂ ಹಲ್ಲು ಒಟ್ಟಿಗೆ ಇಳಿದವು. ಹಿಡಿಯನ್ನು ತಮ್ಮ ಕಡೆ ಬಾಗಿಸಿದರು. ಮಣ್ಣು ಒಳಗೊಳಗೇ ಮುರಿದ ಸದ್ದಾಗಿ, ಒಂದು ಹೆಂಟೆ ಮೇಲೆದ್ದು, ಹಲ್ಲುಗಳ ಮೇಲೆ ಒಂದು ಕ್ಷಣ ಕೂತು, ತಾನಾಗಿಯೇ ಜಾರಿ ಬಿತ್ತು. ಚಾಕು ಹಿಡಿದು ಸಿದ್ಧವಾಗಿ ನಿಂತಿದ್ದ ನನಗೆ ಕೆಲಸವೇ ಇಲ್ಲದಾಯಿತು.

"ಬಿಟ್ಟುಕೊಡ್ತಿದೆ!" ಎಂದು ತಂಗಿ ಕಿರುಚಿದಳು. "ಅಕ್ಕ, ಬಿಟ್ಟುಕೊಡ್ತಿದೆ!"

ಸುತ್ತಲೂ ಸಿಗಿದರು. ತಳವನ್ನೂ ಚುಚ್ಚಿ ಸಡಿಲಿಸಿದರು. ನಡುವೆ ತಂಗಿ ಕಿತ್ತುಕೊಂಡು ತಾನೂ ಸ್ವಲ್ಪ ಅಗೆದಳು. ಷರತ್ತೇನಾಯಿತು ಎಂದು ನಾನು ಕೇಳಿದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಮತ್ತೆ ಒಂದು ಚೊಂಬು ನೀರು ಹೊಯ್ದೆ. ಅವರು ಮಣಿಕಟ್ಟು ಎತ್ತಿ ಹಿಡಿದರು. ನಾಲ್ಕು ತಲೆಗಳು ಗುಂಡಿಯ ಮೇಲೆ ಬಾಗಿದವು. ದೊಡ್ಡಮ್ಮನನ್ನು ನಾನು ಸೊಂಟ ಹಿಡಿದು ನಿಲ್ಲಿಸಿಕೊಂಡಿದ್ದೆ. ನೀರು ತುಸು ಯೋಚಿಸಿತು. ಒಂದು ಗುಳ್ಳೆ ಎದ್ದಿತು, ಇನ್ನೊಂದು ಎದ್ದಿತು, ಗುಳುಗುಳು ಎಂದು ನಮ್ಮ ಮುಖಗಳನ್ನೆಲ್ಲ ಒಟ್ಟಿಗೆ ಎಳೆದುಕೊಂಡು ನೆಲದೊಳಕ್ಕೆ ಇಳಿದುಹೋಯಿತು. ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರದವರನ್ನು ಕೇಳಿದೆ. ಅವರು ಗಡಿಯಾರ ನೋಡುವುದನ್ನೇ ಮರೆತಿದ್ದರು.

ಗಿಡ ಇಳಿಸಿದೆವು. ತಂಗಿ ಗುಂಡಿಯ ಪಕ್ಕದಲ್ಲೇ ಕೆಸರಲ್ಲಿ ನಿಂತು ಕಾಂಡವನ್ನು ನೆಟ್ಟಗೆ ಹಿಡಿದುಕೊಂಡಳು. ಅವರು ಹೆಂಟೆಗಳನ್ನು ಕೈಯಲ್ಲೇ ಪುಡಿಮಾಡಿ, ಒಣಗಿದೆಲೆ ಬೆರೆಸಿ, ಗಡಿಯಾರಕ್ಕೆ ಹಲ್ಲುಚಕ್ರ ಕೂರಿಸುವಷ್ಟು ನಾಜೂಕಾಗಿ ಬೇರಿನ ಸುತ್ತ ತುಂಬಿದರು. ನಾನು ಕಡೆಯ ಹೆಂಟೆಗಳನ್ನು ಅವರತ್ತ ತಳ್ಳುತ್ತಿದ್ದಾಗ ಒಂದಕ್ಕೆ ಮೆತ್ತಿದ್ದ ಕೆಸರಲ್ಲಿ ಏನೋ ಮೆತ್ತಗೆ ಸಿಕ್ಕಿತು. ಚಾಕುವಿನಿಂದ ಸ್ವಲ್ಪ ಕೆರೆದೆ. ತಂಗಿಯ ಎಡಗಾಲ ಚಪ್ಪಲಿ.

"ಆಯ್ತಲ್ಲ, ಇನ್ನೇನು?" ಎಂದು ಮತ್ತೆ ಮೆಟ್ಟಿಲ ಮೇಲೆ ಹೋಗಿ ಕೂತಿದ್ದ ದೊಡ್ಡಮ್ಮ ಕೂಗಿದರು. "ಹೂಂ ಅಂತಾಳೋ ಇಲ್ವೋ, ಜೋರಾಗಿ ಕೇಳು!"

ಗಡಿಯಾರದವರು ಮಂಡಿಯೂರಿದಲ್ಲಿಂದಲೇ ತಲೆಯೆತ್ತಿದರು. ಭೂತಗನ್ನಡಿ ಇನ್ನೂ ಹಣೆಯ ಮೇಲಿತ್ತು. ಕೇಳಲು ಬಾಯಿ ತೆರೆದರು.

ತಂಗಿ ಒಂದು ಕಾಲೆತ್ತಲು ನೋಡಿದಳು. ಬರಲಿಲ್ಲ. ಇನ್ನೊಂದನ್ನು ಎತ್ತಲು ನೋಡಿದಳು. ಪ್ಚ್ ಎಂದಿತು, ಅಷ್ಟೆ. ಇಷ್ಟು ಹೊತ್ತು ಗಿಡ ಹಿಡಿದು ನಿಂತು ಎರಡೂ ಕಾಲು ಕಣಕಾಲವರೆಗೆ ಹೂತಿದ್ದವು.

"ಏನ್ರೀ ಕೇಳ್ತೀರಿ?" ಎಂದಳು. "ನನ್ನನ್ನೂ ನೆಟ್ಟಾಯ್ತಲ್ಲ. ಇನ್ನು ಕಿತ್ತುಕೊಂಡು ಎಲ್ಲಿಗೆ ಹೋಗಲಿ? ಹೂಂ ಕಣ್ರೀ, ಹೂಂ! ಅಮ್ಮ, ಕೇಳಿಸ್ತಾ? ಹೂಂ!"

"ಕೇಳಿಸ್ತು, ಕಿರುಚಬೇಡ" ಎಂದರು ದೊಡ್ಡಮ್ಮ.

ಅವಳ ಕಾಲು ಬಿಡಿಸಲು ಗಡಿಯಾರದವರು ನಾಲ್ಕು ಹಲ್ಲಿನದನ್ನೇ ಎತ್ತಿಕೊಂಡರು. "ಬೆರಳು ಜೋಪಾನ ರೀ!" ಎಂದು ಅವಳು ಕೂಗಿದಳು, ಇವರು ಮತ್ತೆ ಅಲಾರಂ ಹೊಡೆದರು. ಅವರ ಗಲಾಟೆಯಲ್ಲಿ ನಾನು ಕೈಯಲ್ಲಿದ್ದ ಚಪ್ಪಲಿಯನ್ನು ಒಮ್ಮೆ ನೋಡಿದೆ. ಚೆನ್ನಾಗಿ ತೊಳೆದದ್ದು, ಪಾಪ. ಅವಳ ಜೊತೆ ಇದೂ ಇಲ್ಲೇ ನಿಲ್ಲಲಿ ಎಂದು ಗಿಡದ ಬುಡದ ಸಡಿಲ ಮಣ್ಣಿನಲ್ಲಿ ಅದನ್ನು ಕೆಳಕ್ಕೆ ಒತ್ತಿ, ಮೇಲೆ ಎರಡು ಹಿಡಿ ಮಣ್ಣು ಹಾಕಿ, ಅಂಗೈಯಿಂದ ತಟ್ಟಿ ಸಮ ಮಾಡಿದೆ.